ಅರಮಿಡ್

ನಾಮಪದ. ‘ಆರೋಮ್ಯಾಟಿಕ್ ಪಾಲಿಅಮೈಡ್’ ಎಂಬ ಇಂಗ್ಲಿಷ್ ಜೋಡುಪದದ ಮೊಟಕು ರೂಪ. 1974ರಲ್ಲಿ ಅಮೆರಿಕದಲ್ಲಿ ಅಧಿಕೃತವಾಯಿತು. ಬಿಸಿ ತಾಳುವ, ಗಟ್ಟಿಯಾದ ಕೃತಕ ನಾರು.

1965ರಲ್ಲಿ ರಸಾಯನವಿಜ್ಞಾನಿ ಸ್ಟೆಫನಿ ಕ್ವೊಲೆಕ್ ಅವರ ಶೋಧದಿಂದ ಬಂದ ಕೆವ್ಲಾರ್ ಈ ಜಾತಿಯದು. ಪಾಲಿಮರನ್ನು ಸಾಂದ್ರ ಗಂಧಕಾಮ್ಲದಲ್ಲಿ ಕರಗಿಸಿ, ಸಣ್ಣ ರಂಧ್ರಗಳ ಮೂಲಕ ತಣ್ಣೀರಿಗೆ ಎಳೆಯಾಗಿ ಇಳಿಸುತ್ತಾರೆ. ಆಗ ಅಣುಗಳು ಒಂದೇ ದಿಕ್ಕಿಗೆ ಸಾಲುಗಟ್ಟುವುದರಿಂದ, ಸಮತೂಕದ ಉಕ್ಕಿಗಿಂತ ಐದು ಪಟ್ಟು ಬಲ.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ, ಕುರುಗೋಡು ಸೀಮೆಗೆ ಪರಿಚಿತವಾದ ಹತ್ತಿ ಹೊತ್ತಿ ಉರಿಯುತ್ತದೆ; ನೈಲಾನ್ ಕರಗಿ ಮೈಗಂಟುತ್ತದೆ. ಅರಮಿಡ್ ಬಿಸಿಗೆ ಕರಗದು, ಬೆಂಕಿಯಿಂದ ತೆಗೆದರೆ ತಾನೇ ಆರುತ್ತದೆ. ಬಳ್ಳಾರಿಯ ಹೆಸರು ಬೆಳಗಿಸಿದ ಜೀನ್ಸ್‌ಗೂ ಮೊಣಕಾಲಿನ ಬಳಿ ಇದರ ಒಳಪದರ ಹೊಲಿದರೆ, ಬಿದ್ದ ಬೈಕ್ ಸವಾರನ ಚರ್ಮ ಉಳಿಯುತ್ತದೆ.

ಪ್ರಯೋಗ: “ಕುಲುಮೆ ಮುಂದೆ ನಿಲ್ಲೋರಿಗೆ ಅರಮಿಡ್ ಕೈಗವಸು ಬೇಕೇ ಬೇಕು.”