ದ್ವಿದಳ ಕವಾಟದವರ ಆಯುಷ್ಯ

ತುಮಕೂರಿನ ಮಂಡಿಪೇಟೆಯಲ್ಲಿ ಮೂಟೆ ಹೊರುವವನಾಗಲಿ, ಗುಬ್ಬಿಯ ತೆಂಗಿನ ತೋಟದಲ್ಲಿ ಪಾತಿ ಬಿಡಿಸುವವನಾಗಲಿ, ಐವತ್ತು ದಾಟುವ ಮುನ್ನವೇ ದಮ್ಮು ಹತ್ತಿ ಕುಳಿತನೆಂದರೆ, ಅದನ್ನು ಉಬ್ಬಸವೆಂದೋ ದುಡಿಮೆಯ ದಣಿವೆಂದೋ ಬಗೆದು ಕಷಾಯ ಕುಡಿಸುತ್ತಿದ್ದ ಕಾಲವು ಬಹಳ ಹಿಂದಿನದಲ್ಲ. ಅವನ ಮಹಾಧಮನಿಯ ಕವಾಟವು ಮೂರು ದಳಗಳಿರಬೇಕಾದಲ್ಲಿ ಎರಡನ್ನೇ ಹೊಂದಿ ಹುಟ್ಟಿರಬಹುದೆಂಬುದು ಮನೆಮಂದಿಯ ಊಹೆಗೆ ನಿಲುಕುತ್ತಿರಲಿಲ್ಲ. ನೂರಕ್ಕೆ ಒಬ್ಬರೋ ಇಬ್ಬರೋ ಹೀಗೆ ಹುಟ್ಟುತ್ತಾರೆ. ಬಾಲ್ಯದಲ್ಲಿ ಬಹುಮಂದಿಗೆ ಯಾವ ಬಾಧೆಯೂ ತೋರದು. ವರ್ಷಗಳು ಕಳೆದಂತೆ ದಳಗಳಲ್ಲಿ ಸುಣ್ಣಾಂಶ ಸೇರಿ ಮಾರ್ಗ ಕಿರಿದಾಗುತ್ತದೆ, ಅಥವಾ ರಕ್ತವು ಹಿಂದಕ್ಕೆ ಸೋರುತ್ತದೆ, ಕೆಲವರಲ್ಲಿ ಮಹಾಧಮನಿಯೇ ಹಿಗ್ಗುತ್ತದೆ.

ಇಂಥ ಕವಾಟದ ಚಿತ್ರವನ್ನು ಲಿಯನಾರ್ಡೋ ಡ ವಿಂಚಿ ಐದು ಶತಮಾನಗಳ ಹಿಂದೆಯೇ ಬರೆದಿದ್ದನು. ಆದರೆ ಕೆಟ್ಟ ಕವಾಟದ ಬದಲಿಗೆ ಇಡುವ ಕೃತಕ ಕವಾಟಗಳು ಮನುಷ್ಯನ ಹೃದಯದಲ್ಲಿ ಯಶಸ್ವಿಯಾಗಿ ನೆಲೆಗೊಂಡುದು 1960ರಲ್ಲಿ. ನಮ್ಮದೇ ದೇಶದ ಕವಾಟವು ತಿರುವನಂತಪುರದ ಶ್ರೀಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ರೋಗಿಯೊಬ್ಬನ ಎದೆಯನ್ನು ಸೇರಿದುದು 1990ರ ಡಿಸೆಂಬರಿನಲ್ಲಿ. ತುಮಕೂರು ಸೀಮೆಯವರಿಗೆ ಹೃದ್ರೋಗದ ಹಾದಿಯೆಂದರೆ ಬೆಂಗಳೂರಿನ ಹಾದಿ. 1972ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆಶ್ರಯದಲ್ಲಿ ಜಯದೇವ ಹೃದ್ರೋಗ ಸಂಸ್ಥೆ ಮೊದಲಾಯಿತು. 2001ರಲ್ಲಿ ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ ಹಣವಿಲ್ಲದೆಯೇ ಶಸ್ತ್ರಚಿಕಿತ್ಸೆಗೆ ಬಾಗಿಲು ತೆರೆಯಿತು. 2003ರಿಂದ ಯಶಸ್ವಿನಿ ಆರೋಗ್ಯ ಯೋಜನೆಯು ಸಹಕಾರಿ ಸಂಘಗಳ ರೈತರಿಗೆ ಆಪತ್ಕಾಲದ ಆಸರೆಯಾಯಿತು. ಗುಬ್ಬಿಯವರಿಗೆ ರೈಲಿತ್ತು, ಕುಣಿಗಲಿನವರು ಬಹುಕಾಲ ಬಸ್ಸನ್ನೇ ನಂಬಿದ್ದರು, ಅವರ ಊರಿನ ಮೂಲಕ ಹಾಸನದವರೆಗೆ ರೈಲುಮಾರ್ಗ ಪೂರ್ಣಗೊಂಡುದು 2017ರಲ್ಲಷ್ಟೇ. ಎದೆಯೊಳಗಿನ ದೋಷಕ್ಕೂ ಊರ ಹೊರಗಿನ ರಸ್ತೆಗೂ ಇರುವ ಈ ನಂಟನ್ನು ವೈದ್ಯಗ್ರಂಥಗಳು ಬರೆಯುವುದು ವಿರಳ.

ದ್ವಿದಳ ಕವಾಟದವರು ಎಷ್ಟು ಕಾಲ ಬದುಕಿಯಾರು ಎಂಬ ಪ್ರಶ್ನೆಗೆ 2008ರಲ್ಲಿ ಸಮಾಧಾನಕರ ಉತ್ತರ ದೊರೆಯಿತು. ಅಮೆರಿಕದ ಒಂದು ಪ್ರಾಂತದಲ್ಲಿ, ರೋಗ ಗೊತ್ತಾದಾಗ ಲಕ್ಷಣಗಳಿಲ್ಲದೆ, ಕವಾಟವೂ ಹೆಚ್ಚು ಕೆಡದೆ ಇದ್ದ ವಯಸ್ಕರನ್ನು ಅನುಸರಿಸಿ ನೋಡಿದಾಗ, ಇಪ್ಪತ್ತು ವರ್ಷಗಳ ಬಳಿಕವೂ ನೂರಕ್ಕೆ ತೊಂಬತ್ತು ಮಂದಿ ಜೀವಂತರಾಗಿದ್ದರು. ಸುತ್ತಣ ಜನಸಾಮಾನ್ಯರ ಆಯುಷ್ಯಕ್ಕೆ ಇವರದು ಕಡಿಮೆಯಾಗಿರಲಿಲ್ಲ. ಆದರೆ ಆ ಅವಧಿಯೊಳಗೆ ಸುಮಾರು ಕಾಲುಭಾಗದವರಿಗೆ ಶಸ್ತ್ರಚಿಕಿತ್ಸೆ ಅಗತ್ಯವಾಯಿತು. ಆ ದೀರ್ಘಾಯುಷ್ಯವು ಹೃದಯವನ್ನು ಶಬ್ದತರಂಗಗಳಿಂದ ನೋಡುವ ನಿಯತವಾದ ಎಕೋ ಪರೀಕ್ಷೆಯನ್ನೂ, ಸಕಾಲದ ಚಿಕಿತ್ಸೆಯನ್ನೂ ಆಶ್ರಯಿಸಿದೆ. ತುಮಕೂರಿನ ಕೂಲಿಯವನಿಗೂ ಅದೇ ಎಣಿಕೆ ಸಲ್ಲಬೇಕಾದರೆ ಅವೆರಡೂ ಅವನಿಗೆ ದಿನದ ಕೂಲಿ ತಪ್ಪದಂತೆ ಹತ್ತಿರದಲ್ಲಿ ದೊರೆಯಬೇಕು. ಲೋಹದ ಕವಾಟವನ್ನು ಧರಿಸಿದವನಿಗಂತೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಜೀವಮಾನದ ಸಂಗಾತಿ, ಅದರ ಪ್ರಮಾಣವನ್ನು ನಿಶ್ಚಯಿಸುವ ರಕ್ತಪರೀಕ್ಷೆಯೂ ಹಾಗೆಯೇ. ಇನ್ನೊಂದು ಮಾತು: ಒಬ್ಬನಲ್ಲಿ ಈ ದೋಷ ಕಂಡರೆ ಅವನ ತಾಯಿತಂದೆ, ಒಡಹುಟ್ಟಿದವರು, ಮಕ್ಕಳು ಇವರಲ್ಲಿ ಸರಿಸುಮಾರು ಹತ್ತರಲ್ಲಿ ಒಬ್ಬರಿಗೆ ಅದೇ ದೋಷ ಇರಬಹುದಾದುದರಿಂದ, ಅವರೆಲ್ಲರೂ ಒಮ್ಮೆ ಎಕೋ ಮಾಡಿಸಿಕೊಳ್ಳುವುದು ಉಚಿತ.