ಬೇರ್ಪಡಿಸುವ ವಿದ್ಯೆ: ಭಟ್ಟಿಯಿಂದ ಬಣ್ಣದ ಪಟ್ಟೆಗಳವರೆಗೆ

ಶಾಲೆಯ ರಸಾಯನಶಾಸ್ತ್ರದಲ್ಲಿ ಸೋಸುವುದು, ಇಂಗಿಸುವುದು, ಭಟ್ಟಿ ಇಳಿಸುವುದು ಒಂದು ಸಣ್ಣ ಪಾಠವಾಗಿ ಮುಗಿದುಹೋಗುತ್ತವೆ. ಆದರೆ ಈ ಶಾಸ್ತ್ರ ಬೆಳೆದದ್ದೇ ಆ ಪಾಠದ ಬಲದಿಂದ. ಬೆರೆತಿದ್ದನ್ನು ಬಿಡಿಸುವ ಹೊಸ ದಾರಿ ಸಿಕ್ಕಾಗಲೆಲ್ಲ ದ್ರವ್ಯದ ಬಗ್ಗೆ ಹೊಸ ತಿಳಿವಳಿಕೆ ಬಂದಿದೆ.

ಮಿಶ್ರಣ ಯಾವುದು, ಸಂಯುಕ್ತ ಯಾವುದು ಎಂಬ ಗೆರೆ ಸ್ಪಷ್ಟವಾಗಲು ಹದಿನೆಂಟನೆಯ ಶತಮಾನದ ಕೊನೆ ಬರಬೇಕಾಯಿತು. ತಾಮ್ರದ ಕಾರ್ಬೊನೇಟ್ ಎಲ್ಲಿಂದ ಬಂದರೂ ಅದರಲ್ಲಿನ ಧಾತುಗಳ ತೂಕದ ಪ್ರಮಾಣ ಒಂದೇ ಎಂದು ಫ್ರಾನ್ಸಿನ ಜೋಸೆಫ್ ಪ್ರೂಸ್ಟ್ 1799ರಲ್ಲಿ ವಾದಿಸಿದ. ಇನ್ನೊಬ್ಬ ರಸಾಯನಶಾಸ್ತ್ರಜ್ಞ ಬರ್ತೊಲೆ ಒಪ್ಪಲಿಲ್ಲ. ವರ್ಷಗಟ್ಟಲೆ ನಡೆದ ವಾದದಲ್ಲಿ ಗೆದ್ದದ್ದು ಪ್ರೂಸ್ಟ್. ಸಂಯುಕ್ತವನ್ನು ಒಡೆಯಲು ರಾಸಾಯನಿಕ ಕ್ರಿಯೆಯೇ ಬೇಕು. ಮಿಶ್ರಣವನ್ನು ಬಿಡಿಸಲು ಕುದಿಬಿಂದು, ಕರಗುವ ಗುಣ, ಅಂಟುವ ಗುಣ ಇವುಗಳಲ್ಲಿನ ವ್ಯತ್ಯಾಸ ಸಾಕು.

ಹತ್ತೊಂಬತ್ತನೆಯ ಶತಮಾನ ಕುದಿಬಿಂದುವನ್ನೇ ನಂಬಿತು. ಗಾಳಿಯಿಂದ ಪಡೆದ ನೈಟ್ರೋಜನ್, ಸಂಯುಕ್ತಗಳಿಂದ ಪಡೆದದ್ದಕ್ಕಿಂತ ಸುಮಾರು ಅರ್ಧ ಶೇಕಡಾ ಹೆಚ್ಚು ತೂಗುತ್ತದೆ ಎಂಬುದನ್ನು ಗಮನಿಸಿದ ರ‍್ಯಾಲಿ, ರ‍್ಯಾಮ್ಸೆ ಜೊತೆಗೂಡಿ 1894ರಲ್ಲಿ ಆರ್ಗಾನ್ ಕಂಡುಹಿಡಿದ. ಆಮೇಲೆ ರ‍್ಯಾಮ್ಸೆ ಮತ್ತು ಟ್ರ್ಯಾವರ್ಸ್ ದ್ರವೀಕರಿಸಿದ ಅನಿಲಗಳನ್ನು ಮೆಲ್ಲಗೆ ಆವಿ ಮಾಡುತ್ತ 1898ರ ಒಂದೇ ವರ್ಷದಲ್ಲಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಮೂರನ್ನೂ ಹೊರತೆಗೆದರು. ನಮ್ಮಲ್ಲಿ ಇದೇ ವಿದ್ಯೆಯ ಫಲ ಮೈಸೂರಿನ ಶ್ರೀಗಂಧದ ಎಣ್ಣೆ. ಮೊದಲ ಮಹಾಯುದ್ಧದಿಂದ ಯೂರೋಪಿಗೆ ಗಂಧದ ಮರ ಕಳಿಸುವುದು ನಿಂತಾಗ, 1916ರಲ್ಲಿ ಇಲ್ಲಿಯೇ ಎಣ್ಣೆ ತೆಗೆಯುವ ಕಾರ್ಖಾನೆ ಶುರುವಾಯಿತು. ಗಂಧದೆಣ್ಣೆಯ ಮುಖ್ಯ ಅಂಶ ಸ್ಯಾಂಟಲಾಲ್ ಕುದಿಯಲು 300 ಡಿಗ್ರಿ ಸೆಲ್ಸಿಯಸ್ ಬೇಕು. ಹಬೆಯ ಜೊತೆ ಸೇರಿದರೆ 100 ಡಿಗ್ರಿಯ ಒಳಗೇ ಹೊರಬರುತ್ತದೆ, ಸುವಾಸನೆ ಕೆಡುವುದಿಲ್ಲ.

ಎಲೆಯ ಹಸಿರಿನಂಥ ನಾಜೂಕು ವಸ್ತುಗಳಿಗೆ ಮಾತ್ರ ಯಾವ ಭಟ್ಟಿಯೂ ಹೊಂದುವುದಿಲ್ಲ, ಕಾಯಿಸಿದರೆ ಹಾಳಾಗುತ್ತವೆ. ಈ ತೊಡಕು ಬಿಡಿಸಿದವನು ರಸಾಯನಶಾಸ್ತ್ರಜ್ಞನಲ್ಲ, ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್. ಗಾಜಿನ ಕೊಳವೆಯಲ್ಲಿ ಸೀಮೆಸುಣ್ಣದ ಪುಡಿ ಒತ್ತಿ ತುಂಬಿ, ಮೇಲಿನಿಂದ ಎಲೆಯ ರಸವನ್ನೂ ಅದರ ಹಿಂದೆಯೇ ದ್ರಾವಕವನ್ನೂ ಹರಿಸಿದ. ಜಾತ್ರೆಗೆ ಒಟ್ಟಿಗೆ ಹೊರಟವರಲ್ಲಿ ಅಂಗಡಿ ಅಂಗಡಿಗೂ ನಿಲ್ಲುವವರು ಹಿಂದೆ ಬೀಳುವಂತೆ, ಪುಡಿಗೆ ಹೆಚ್ಚು ಅಂಟುವ ಬಣ್ಣ ಮೇಲೆ ಉಳಿಯಿತು, ಕಡಿಮೆ ಅಂಟುವುದು ಕೆಳಗಿಳಿಯಿತು. ಹಸಿರಿನದೇ ಎರಡು ಪಟ್ಟೆ, ಹಳದಿಯವು ಬೇರೆ. 1903ರಲ್ಲಿ ವಾರ್ಸಾದಲ್ಲಿ ಇದನ್ನು ವಿವರಿಸಿದ, 1906ರಲ್ಲಿ ಕ್ರೊಮ್ಯಾಟೋಗ್ರಫಿ ಎಂದು ಹೆಸರಿಟ್ಟ. ಆ ಕಾಲದ ದೊಡ್ಡವರು ನಂಬಲಿಲ್ಲ. ಕ್ಲೋರೋಫಿಲ್ ಸಂಶೋಧನೆಗೆ 1915ರ ನೊಬೆಲ್ ಪಡೆದ ವಿಲ್‌ಸ್ಟೆಟರ್‌ಗೂ ಈ ವಿಧಾನದ ಬಗ್ಗೆ ಅನುಮಾನವಿತ್ತು. ತ್ಸ್ವೆಟ್ 1919ರಲ್ಲಿ ತೀರಿಕೊಂಡ. ಇಂಥ ಕೆಲಸಕ್ಕೆ ಬದುಕಿದ್ದಾಗ ಮನ್ನಣೆ ಸಿಗದೆ ಹೋದದ್ದು ವಿಜ್ಞಾನದ ದೊಡ್ಡ ಅನ್ಯಾಯಗಳಲ್ಲೊಂದು ಎಂದೇ ನಾನು ತಿಳಿಯುತ್ತೇನೆ.

1931ರಲ್ಲಿ ಹೈಡೆಲ್‌ಬರ್ಗ್‌ನ ಕೂನ್ ಮತ್ತು ಲೆಡರರ್ ಕ್ಯಾರೋಟಿನ್‌ಗಳನ್ನು ಬಿಡಿಸಲು ಅದೇ ಕೊಳವೆಯನ್ನು ಮತ್ತೆ ಕೈಗೆತ್ತಿಕೊಂಡರು. ಮುಂದಿನದು ವೇಗದ ಕಥೆ. ಲೀಡ್ಸ್‌ನ ಉಣ್ಣೆ ಸಂಶೋಧನಾಲಯದಲ್ಲಿ ಮಾರ್ಟಿನ್ ಮತ್ತು ಸಿಂಜ್ 1941ರಲ್ಲಿ ಎರಡು ದ್ರವಗಳ ನಡುವಿನ ಹಂಚಿಕೆಯನ್ನೇ ಬೇರ್ಪಡಿಕೆಗೆ ಬಳಸಿದರು. 1944ರಲ್ಲಿ ಮಾರ್ಟಿನ್ ತಂಡ ಕೊಳವೆಯನ್ನೂ ಬಿಟ್ಟು ಬರೀ ಸೋಸುಕಾಗದದಲ್ಲೇ ಅಮೈನೊ ಆಮ್ಲಗಳನ್ನು ಬೇರ್ಪಡಿಸಿತು. ಮಾರ್ಟಿನ್, ಸಿಂಜ್ ಇಬ್ಬರಿಗೂ 1952ರಲ್ಲಿ ನೊಬೆಲ್ ಬಂತು. ಆ ಕಾಗದವನ್ನೇ ನೆಚ್ಚಿ ಸ್ಯಾಂಗರ್ ಇನ್ಸುಲಿನ್‌ನ ರಚನೆ ಬಿಡಿಸಿದ, ಕ್ಯಾಲ್ವಿನ್ ದ್ಯುತಿಸಂಶ್ಲೇಷಣೆಯ ಹೆಜ್ಜೆಗಳನ್ನು ಗುರುತಿಸಿದ. ಇಂದು ತರಕಾರಿಯಲ್ಲಿ ಉಳಿದ ಕೀಟನಾಶಕವನ್ನೂ ಆಟಗಾರರ ಮೂತ್ರದಲ್ಲಿನ ನಿಷೇಧಿತ ಮದ್ದನ್ನೂ ಪತ್ತೆ ಮಾಡುವ ಯಂತ್ರಗಳೊಳಗೆ ನಡೆಯುವುದು ತ್ಸ್ವೆಟ್‌ನ ಉಪಾಯವೇ.

ಕ್ರೊಮ್ಯಾಟೋಗ್ರಫಿ ಈಗ ಪ್ರೌಢಶಾಲೆಯ ಪುಸ್ತಕದಲ್ಲೂ ಇದೆ. ಎಷ್ಟೋ ಕಡೆ ಅದು ಬರೀ ಚಿತ್ರವಾಗಿ ಉಳಿಯುತ್ತದೆ. ಒಂದು ಪಟ್ಟಿ ಸೋಸುಕಾಗದ, ಒಂದು ಕಪ್ಪು ಸ್ಕೆಚ್ ಪೆನ್, ಒಂದು ಲೋಟ ನೀರು ಇದ್ದರೆ ಸಾಕು. ಮೇಷ್ಟ್ರುಗಳೇ, ದಯವಿಟ್ಟು ಇದನ್ನು ಬೋರ್ಡಿನ ಮೇಲೆ ಬರೆದು ಮುಗಿಸಬೇಡಿ, ಮಕ್ಕಳ ಕೈಯಲ್ಲೇ ಮಾಡಿಸಿ.