ಬಸವಕಲ್ಯಾಣ ಮೊದಲೋ, ಬಳ್ಳಾರಿ ಮೊದಲೋ? ಕನ್ನಡ ಅಕಾರಾದಿ ನಡೆದು ಬಂದ ದಾರಿ

ಅಮರಕೋಶದಲ್ಲಿ ‘ಸಮುದ್ರ’ ಬೇಕೆಂದು ಸಕಾರವನ್ನು ಹುಡುಕಿ ಹೊರಟವರಿಗೆ ಏನೂ ಸಿಗುವುದಿಲ್ಲ. ಅವರು ಹೋಗಬೇಕಾದದ್ದು ವಾರಿವರ್ಗಕ್ಕೆ. ಸಮುದ್ರ, ಅಬ್ಧಿ, ಪಾರಾವಾರಗಳೆಲ್ಲ ಅಲ್ಲಿ ಒಂದೇ ಕಡೆ ಕೂತಿವೆ. ಸ್ವರ್ಗ, ಭೂಮಿ, ಕಾಡು, ಮನುಷ್ಯ ಹೀಗೆ ವಿಷಯವಾರು ಹಂಚಿಕೆ ಆ ಕೋಶದ್ದು. ನಾನಾರ್ಥದ ಭಾಗವಂತೂ ಪದದ ಕೊನೆಯ ವ್ಯಂಜನವನ್ನು ಹಿಡಿದು ಸಾಗುತ್ತದೆ. ಹಾಗಾಗಿ ನಾಕ, ಲೋಕ, ಶ್ಲೋಕ ನೆರೆಹೊರೆಯವು.

ಕನ್ನಡದ ಹಳೆಯ ನಿಘಂಟುಗಳೂ ಪದ್ಯದಲ್ಲೇ ಹುಟ್ಟಿದವು. ರನ್ನನದೆನ್ನುವ ‘ರನ್ನಕಂದ’, ನಾಗವರ್ಮನ ‘ಅಭಿಧಾನ ವಸ್ತುಕೋಶ’, 1398ರ ಮಂಗರಾಜನ ನಿಘಂಟು, 16ನೇ ಶತಮಾನದ ಲಿಂಗಮಂತ್ರಿಯ ‘ಕಬ್ಬಿಗರ ಕೈಪಿಡಿ’ ಇವೆಲ್ಲ ಬಾಯಿಪಾಠದ ಕಾಲದವು. ಕಂಠಸ್ಥವಾದ ಪುಸ್ತಕದಲ್ಲಿ ಪುಟ ತಿರುವುವ ಕೆಲಸವೇ ಇಲ್ಲ. ಛಂದಸ್ಸೇ ಅದರ ಅನುಕ್ರಮಣಿಕೆ. ಅಕಾರಾದಿ ಇಲ್ಲದ್ದನ್ನು ಕೊರತೆ ಎಂದು ಬರೆಯುವುದು ತಪ್ಪು.

ಅಚ್ಚಿನ ಪುಸ್ತಕ ಬಂದಾಗ ಅಗತ್ಯವೇ ಬೇರೆಯಾಯಿತು. ಭಾಷೆ ಗೊತ್ತಿಲ್ಲದವನಿಗೆ ಪದ ಯಾವ ವರ್ಗದ್ದೆಂದು ತಿಳಿಯುವುದು ಹೇಗೆ? ಅವನ ಕಣ್ಣಿಗೆ ಬೀಳುವುದು ಮೊದಲ ಅಕ್ಷರ ಮಾತ್ರ. ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಫರ್ಡಿನೆಂಡ್ ಕಿಟೆಲ್ಲರ ಸುಮಾರು 70,000 ಪದಗಳ ಕೋಶ ಬಂತು.

ಆದರೆ ಅಕ್ಷರಕ್ರಮಕ್ಕೆ ತೆರಬೇಕಾದ ಬೆಲೆಯೂ ಇದೆ. ಹಳಗನ್ನಡದ ಪಾಲ್, ಪುಲಿ, ಪೂ ಹೊಸಗನ್ನಡದಲ್ಲಿ ಹಾಲು, ಹುಲಿ, ಹೂ ಆದವು. ಒಂದೇ ಪದದ ಎರಡು ರೂಪಗಳ ನಡುವೆ ಈಗ ನೂರಾರು ಪುಟಗಳ ಅಂತರ. ಪಕಾರದಿಂದ ಹಕಾರಕ್ಕೆ ಓದುಗನನ್ನು ಕೈಹಿಡಿದು ದಾಟಿಸುವ ಕೆಲಸ ನಿಘಂಟುಕಾರನದು. ಕಿಟೆಲ್ಲರ ನಿಜವಾದ ವಿದ್ವತ್ತು ಪದಸಂಖ್ಯೆಯಲ್ಲಲ್ಲ, ಇಂಥ ದಾಟುಗಳಲ್ಲಿ ಕಾಣುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಇನ್ನೂ ದೊಡ್ಡ ಸಾಹಸ: ಮೊದಲ ಸಂಪುಟ 1970ರಲ್ಲಿ ಬಂದರೆ, ಎಂಟನೆಯದಕ್ಕೆ 1995ರವರೆಗೆ ಕಾಯಬೇಕಾಯಿತು. ಜಿ. ವೆಂಕಟಸುಬ್ಬಯ್ಯನವರ ಹೆಸರು ಈ ಕೆಲಸದೊಡನೆ ಬೆಸೆದುಕೊಂಡಿದೆ.

ಈಗ ಶೀರ್ಷಿಕೆಯ ಪ್ರಶ್ನೆ. ವರ್ಣಮಾಲೆಯಲ್ಲಿ ಳಕಾರ ಹಕಾರದ ನಂತರ ಬರುವುದರಿಂದ ಬಸವಕಲ್ಯಾಣ ಮೊದಲು, ಬಳ್ಳಾರಿ ಆಮೇಲೆ. ಯೂನಿಕೋಡ್ ಪಟ್ಟಿಯಲ್ಲಿ ಹಾಗಲ್ಲ. ಭಾರತೀಯ ಲಿಪಿಗಳಿಗೆಲ್ಲ ಒಂದೇ ಅಚ್ಚು ಹಾಕಿದ್ದರಿಂದ ‘ಳ’ ಅಲ್ಲಿ ‘ಲ’ದ ಪಕ್ಕ, ‘ವ’ಕ್ಕಿಂತ ಮೊದಲು ಕೂತಿದೆ. ಸಂಕೇತಸಂಖ್ಯೆಯನ್ನಷ್ಟೇ ನೋಡಿ ಜೋಡಿಸುವ ತಂತ್ರಾಂಶದಲ್ಲಿ ಬಳ್ಳಾರಿಯೇ ಮುಂದೆ. ಊರಿನ ಪಟ್ಟಿ, ಗ್ರಂಥಾಲಯದ ಸೂಚಿ, ಪದ್ಯಗಳ ಅಕಾರಾದಿ ಎಲ್ಲಕ್ಕೂ ಇದೇ ಪಾಡು. ಕನ್ನಡದ ಕ್ರಮವನ್ನು ತಂತ್ರಾಂಶಕ್ಕೆ ಬೇರೆಯಾಗಿ ಕಲಿಸಬೇಕು. ಪಟ್ಟಿ ಮಾಡುವವರು ಅಷ್ಟು ಶ್ರಮ ತೆಗೆದುಕೊಳ್ಳಲೇಬೇಕು.

ಹಳಗನ್ನಡದ ‘ೞ’ಕ್ಕೆ ಆದದ್ದು ಇನ್ನೂ ದೊಡ್ಡ ಅನ್ಯಾಯ. ಅದನ್ನು ಉಳಿದ ವ್ಯಂಜನಗಳಿಂದ ದೂರ, ಸ್ವರಚಿಹ್ನೆಗಳ ಆಚೆಗೆ ಇಟ್ಟರು, ಮೇಲಾಗಿ ‘ಫ’ ಎಂದು ತಪ್ಪಾಗಿ ಹೆಸರಿಸಿದರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡ್ ನಿಯಮ. ಆದ್ದರಿಂದ ಆ ತಪ್ಪು ಹೆಸರು ಇಂದಿಗೂ ಹಾಗೇ ಇದೆ, ತಿದ್ದುಪಡಿಯ ಹೆಸರು ಅದರ ಜೊತೆಗೆ ಸೇರಿದೆ.